ಗೇಮ್ ಬಾಯ್ ಹಿಂದಿನ ಮೆಕ್ಯಾನಿಕ್ ಗುನ್‌ಪೇ ಯೋಕೋಯಿ: ‘ಹ್ಯಾಕ್’ ಅಂದರೆ ಕಳ್ಳತನವೇ?

ರೋಣ, ನರಗುಂದ, ಗಜೇಂದ್ರಗಡದ ಕಡೆ ಜಾತ್ರೆ ಸುತ್ತಿದವರಿಗೆ ಆ ಪ್ಲಾಸ್ಟಿಕ್ ಡಬ್ಬಿ ನೆನಪಿರಬಹುದು. ಸಣ್ಣ ಬೂದು ಪರದೆ, ಕೆಳಗೆ ನಾಲ್ಕೈದು ಗುಂಡಿ, ಮೇಲೆ ‘9999 ಇನ್ 1’ ಎಂಬ ಬರಹ. ನಿಜದಲ್ಲಿ ಒಳಗಿದ್ದದ್ದು ಇಟ್ಟಿಗೆ ಜೋಡಿಸುವುದು, ಕಾರು ಓಡಿಸುವುದು, ಹಾವು ಹೀಗೆ ಕೆಲವೇ ಆಟಗಳು. ವೇಗ ಬದಲಾದರೆ ಒಂದು, ಹಂತ ಬದಲಾದರೆ ಇನ್ನೊಂದು ಎಂದು ಎಣಿಸಿ 9999 ಮಾಡುತ್ತಿದ್ದರು.

ಈಗ ಅದೇ ಆಸೆ ವಾಟ್ಸಾಪ್‌ನಲ್ಲಿ ಬರುತ್ತದೆ. ಈ ಫೈಲ್ ಹಾಕಿದರೆ ಗೇಮ್ ಹ್ಯಾಕ್ ಆಗುತ್ತದೆ, ಎಲ್ಲವೂ ಉಚಿತ ಎನ್ನುತ್ತವೆ ಕೆಲವು ಫಾರ್ವರ್ಡ್‌ಗಳು. ಇನ್ನೊಂದು ಕಡೆ, ಹ್ಯಾಕ್ ಅಂದರೆ ಕಳ್ಳತನವೇ ಎಂದು ಮಗನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಳ್ಳುವ ಪಾಲಕರಿದ್ದಾರೆ. ಎರಡೂ ಪೂರ್ತಿ ಸತ್ಯವಲ್ಲ. ಯಾಕೆ ಎಂದು ತಿಳಿಯಲು, ಕೈಯಲ್ಲಿ ಹಿಡಿದು ಆಡುವ ಗೇಮನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದ ಒಬ್ಬ ಮೆಕ್ಯಾನಿಕ್‌ನ ಬದುಕು ನೋಡೋಣ.

ಯಂತ್ರ ರಿಪೇರಿಯಿಂದ ಆಟಿಕೆಗೆ

ಗುನ್‌ಪೇ ಯೋಕೋಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಕ್ಯೋಟೋದಲ್ಲಿ. ಅಲ್ಲಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿ 1965ರಲ್ಲಿ ನಿಂಟೆಂಡೊ ಸೇರಿದರು. ಆಗ ಅದು ಮುಖ್ಯವಾಗಿ ಆಟದ ಎಲೆಗಳನ್ನು ತಯಾರಿಸುವ ಕಂಪನಿ. ಇವರ ಕೆಲಸ ಆ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು.

ಬಿಡುವಿನಲ್ಲಿ ಕತ್ತರಿಯಂತೆ ಚಾಚಿಕೊಂಡು ದೂರದ ವಸ್ತು ಹಿಡಿಯುವ ಒಂದು ಕೈ ಮಾಡಿಕೊಂಡಿದ್ದರು. ಅದು ಕಂಪನಿಯ ಅಧ್ಯಕ್ಷ ಹಿರೋಶಿ ಯಾಮೌಚಿ ಕಣ್ಣಿಗೆ ಬಿತ್ತು. ಬೈಯುವ ಬದಲು ಅದನ್ನೇ ಮಾರಾಟಕ್ಕೆ ಸಿದ್ಧಮಾಡಲು ಅವರು ಹೇಳಿದರು. 1966ರಲ್ಲಿ ಬಂದ ಆ ‘ಅಲ್ಟ್ರಾ ಹ್ಯಾಂಡ್’ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

1969ರಲ್ಲಿ ಅವರ ‘ಲವ್ ಟೆಸ್ಟರ್’ ಬಂತು. ಇಬ್ಬರು ಕೈ ಕೈ ಹಿಡಿದು ಅದನ್ನು ಮುಟ್ಟಿದರೆ ಮುಳ್ಳು ಓಡಾಡಿ ಪ್ರೀತಿ ಎಷ್ಟಿದೆ ಎಂದು ತೋರಿಸುತ್ತಿತ್ತು. ಅಸಲಿಗೆ ಅದು ಅಳೆಯುತ್ತಿದ್ದುದು ಮೈಯ ಮೂಲಕ ಹರಿಯುವ ಅಲ್ಪ ವಿದ್ಯುತ್ತನ್ನು. ಅಂಗೈ ಬೆವರಿದ್ದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಮುಳ್ಳು ಮೇಲೇರುತ್ತದೆ. ಇಂದಿನ ‘ಲವ್ ಮೀಟರ್’ ಆ್ಯಪ್‌ಗಳು ಅಷ್ಟನ್ನೂ ಅಳೆಯುವುದಿಲ್ಲ ಎಂಬುದು ನೆನಪಿರಲಿ.

ಪಳಗಿದ ತಂತ್ರಜ್ಞಾನ

ಎಪ್ಪತ್ತರ ದಶಕದಲ್ಲಿ ಕ್ಯಾಲ್ಕ್ಯುಲೇಟರ್ ಕಂಪನಿಗಳ ಪೈಪೋಟಿಯಿಂದ ಚಿಪ್ ಮತ್ತು ಎಲ್‌ಸಿಡಿ ಪರದೆ ಅಗ್ಗವಾದವು. ಯೋಕೋಯಿ ಅವನ್ನೇ ಬಳಸಿ 1980ರಲ್ಲಿ ‘ಗೇಮ್ ಅಂಡ್ ವಾಚ್’ ತಂದರು. ಒಂದು ಡಬ್ಬಿ, ಒಂದು ಆಟ, ಜೊತೆಗೆ ಗಡಿಯಾರ. ಈ ಸರಣಿ 4 ಕೋಟಿಗೂ ಹೆಚ್ಚು ಮಾರಾಟವಾಯಿತು. ಇಂದಿನ ಗೇಮ್ ರಿಮೋಟ್‌ಗಳಲ್ಲಿ ಎಡಗಡೆ ಇರುವ ಪ್ಲಸ್ ಆಕಾರದ ಗುಂಡಿಯೂ 1982ರ ‘ಡಾಂಕಿ ಕಾಂಗ್’ ಗೇಮ್ ಅಂಡ್ ವಾಚ್‌ನಲ್ಲಿ ಅವರು ತಂದದ್ದೇ.

ಅವರ ನಂಬಿಕೆ ಸರಳ. ಹಳೆಯದಾಗಿ, ಅಗ್ಗವಾಗಿ, ಗುಣದೋಷ ಎಲ್ಲರಿಗೂ ಗೊತ್ತಾಗಿರುವ ತಂತ್ರಜ್ಞಾನಕ್ಕೆ ಹೊಸ ಉಪಯೋಗ ಹುಡುಕಬೇಕು. 1989ರ ಏಪ್ರಿಲ್ 21ರಂದು ಬಂದ ಗೇಮ್ ಬಾಯ್ ಇದಕ್ಕೆ ದೊಡ್ಡ ಉದಾಹರಣೆ. ಬಣ್ಣವಿಲ್ಲದ ಪರದೆ, ಕೇವಲ 4 ಛಾಯೆ, 8 ಕೆಬಿ ಮೆಮೊರಿ. ಎದುರಾಳಿಗಳ ಬಳಿ ಬಣ್ಣವಿತ್ತು, ಆದರೆ ಸೆಗಾ ಕಂಪನಿಯ ಗೇಮ್ ಗೇರ್‌ಗೆ 6 ಪೆನ್ಸಿಲ್ ಸೆಲ್ ಬೇಕಿತ್ತು, ಕೆಲವೇ ಗಂಟೆಯಲ್ಲಿ ಖಾಲಿಯಾಗುತ್ತಿದ್ದವು. ಗೇಮ್ ಬಾಯ್ 4 ಸೆಲ್‌ಗಳಲ್ಲಿ ಹತ್ತು ಗಂಟೆ ದಾಟುತ್ತಿತ್ತು. ನಂತರದ ಕಲರ್ ಮಾದರಿಯೂ ಸೇರಿ 11.8 ಕೋಟಿಗೂ ಹೆಚ್ಚು ಮಾರಾಟವಾಯಿತು. ಆದರೆ ಇದು ಒಬ್ಬರೇ ಮಾಡಿದ್ದಲ್ಲ. ಎಂಜಿನಿಯರಿಂಗ್‌ನಲ್ಲಿ ಸಾತೊರು ಒಕಾಡಾ ಅವರ ಪಾತ್ರ ಬಹಳ ದೊಡ್ಡದು.

ಬೀಗ ಎಲ್ಲಿದೆ?

ಗೇಮ್ ಬಾಯ್ ಆನ್ ಆದ ಕೂಡಲೇ ಒಳಗಿನ 256 ಬೈಟ್‌ಗಳ ಪುಟ್ಟ ಪ್ರೋಗ್ರಾಂ ಓಡುತ್ತದೆ. ಆಟದ ಕ್ಯಾಸೆಟ್‌ನಲ್ಲಿ ನಿಂಟೆಂಡೊ ಲಾಂಛನದ 48 ಬೈಟ್‌ಗಳು ಸರಿಯಾಗಿವೆಯೇ ಎಂದು ನೋಡುತ್ತದೆ. ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. ಬೀಗ ಇಷ್ಟೇ. ಹಾಗಾಗಿ ಹವ್ಯಾಸಿಗಳು ಇದಕ್ಕೆ ತಾವೇ ಆಟ ಬರೆಯತೊಡಗಿದರು. ಇದಕ್ಕೆ ‘ಹೋಂಬ್ರೂ’ ಎನ್ನುತ್ತಾರೆ, ಅಂದರೆ ಮನೆಯಲ್ಲೇ ಮಾಡಿದ್ದು. ಗೇಮ್ ಬಾಯ್‌ಯನ್ನೇ ಸಂಗೀತ ವಾದ್ಯವಾಗಿಸುವ ‘ಲಿಟಲ್ ಸೌಂಡ್ ಡಿಜೆ’ ಹಾಗೆ ಹುಟ್ಟಿದ್ದು.

ನಂತರ ಬಂದ ಸೋನಿ ಪಿಎಸ್‌ಪಿಯಂಥ ಯಂತ್ರಗಳಲ್ಲಿ ಬದಲಾಯಿಸಬಹುದಾದ ಫರ್ಮ್‌ವೇರ್ ಇದೆ, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. ಅದನ್ನು ತಿದ್ದಿ ಹಾಕುವುದೇ ‘ಕಸ್ಟಮ್ ಫರ್ಮ್‌ವೇರ್’. ಇದರಿಂದ ಸ್ವಂತ ಪ್ರೋಗ್ರಾಂ ಓಡಿಸಬಹುದು. ತಪ್ಪಾದರೆ ಯಂತ್ರ ಮತ್ತೆ ಆನ್ ಆಗದೆ ಇಟ್ಟಿಗೆಯಂತೆ ಬಿದ್ದಿರಲೂಬಹುದು.

ಸೋಲು, ವದಂತಿ, ಸಾವು

1995ರಲ್ಲಿ ಯೋಕೋಯಿ ಅವರ ‘ವರ್ಚುವಲ್ ಬಾಯ್’ ಸೋತಿತು. ಕೆಂಪು ಬಣ್ಣದಲ್ಲಷ್ಟೇ ಚಿತ್ರ ತೋರಿಸುತ್ತಿದ್ದ ಅದು 8 ಲಕ್ಷವೂ ಮಾರಾಟವಾಗಲಿಲ್ಲ. ಇದಕ್ಕಾಗಿಯೇ ಅವರನ್ನು ಹೊರಹಾಕಿದರು ಎಂಬ ಕಥೆ ಇಂದಿಗೂ ಓಡಾಡುತ್ತದೆ. ಅವರೇ ಇದನ್ನು ಅಲ್ಲಗಳೆದಿದ್ದರು. ಗೇಮ್ ಬಾಯ್‌ನ ಚಿಕ್ಕ ಮಾದರಿ ‘ಪಾಕೆಟ್’ ಬಿಡುಗಡೆಯಾದ ಮೇಲೆ, 1996ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟು ‘ಕೋಟೋ’ ಎಂಬ ಸ್ವಂತ ಕಂಪನಿ ಕಟ್ಟಿದರು.

1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಅಪಘಾತವಾಗಿ ಕಾರಿನಿಂದ ಕೆಳಗಿಳಿದಾಗ ಇನ್ನೊಂದು ವಾಹನ ಡಿಕ್ಕಿ ಹೊಡೆದು ಅವರು ತೀರಿಕೊಂಡರು. ಆಗ ಅವರಿಗೆ 56 ವರ್ಷ.

ಅವರು ಕೈಹಾಕಿದ್ದ ಕೊನೆಯ ಯಂತ್ರ ‘ವಂಡರ್‌ಸ್ವಾನ್’ 1999ರಲ್ಲಿ ಬಂಡಾಯ್ ಕಂಪನಿಯಿಂದ ಬಂತು. ಅದಕ್ಕೆ ಒಂದೇ ಒಂದು ಪೆನ್ಸಿಲ್ ಸೆಲ್ ಸಾಕಿತ್ತು. 2000ದಲ್ಲಿ ಅದಕ್ಕೆ ‘ವಂಡರ್‌ವಿಚ್’ ಎಂಬ ಕಿಟ್ ಅಧಿಕೃತವಾಗಿಯೇ ಮಾರಾಟಕ್ಕೆ ಬಂತು. ಸಾಮಾನ್ಯ ಜನರೂ ಸಿ ಭಾಷೆಯಲ್ಲಿ ಆಟ ಬರೆದು ಯಂತ್ರಕ್ಕೆ ಹಾಕಬಹುದಾಗಿತ್ತು. ಸ್ಪರ್ಧೆಯನ್ನೂ ನಡೆಸಿದರು. ಅದರಲ್ಲಿ ಗೆದ್ದ ಹವ್ಯಾಸಿಯೊಬ್ಬರ ಆಟ ‘ಜಡ್ಜ್‌ಮೆಂಟ್ ಸಿಲ್ವರ್‌ಸ್ವಾರ್ಡ್’ ಮುಂದೆ ಅಂಗಡಿಗೂ ಬಂತು.

ಹಾಗಾದರೆ ಸತ್ಯವೇನು?

ನಾವೇ ಬರೆದ ಆಟವನ್ನು ನಮ್ಮ ಯಂತ್ರದಲ್ಲಿ ಓಡಿಸುವುದು ಕಳ್ಳತನವಲ್ಲ. ಬೇರೆಯವರು ಬರೆದು ಮಾರುವ ಆಟವನ್ನು ಕದ್ದು ಆಡುವುದು ತಪ್ಪು. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ ಪ್ರಕಾರ, ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದರೆ 2 ವರ್ಷದವರೆಗೆ ಜೈಲು ಮತ್ತು ದಂಡ ಆಗಬಹುದು. ಇಲ್ಲಿ ಉದ್ದೇಶ ಮುಖ್ಯ.

ಎಲ್ಲ ಗೇಮ್ ಉಚಿತ ಎಂದು ಬಂದ ಫೈಲನ್ನು ಫೋನಿಗೆ ಹಾಕಬೇಡಿ. ಒಳಗೆ ಏನಿದೆ ಎಂದು ಹಾಕಿದವರಿಗೇ ಗೊತ್ತು, ಮತ್ತು ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಒಟಿಪಿಯೂ ಬರುತ್ತದೆ. ಆದರೆ ಮನೆಯ ಹುಡುಗಿಯೋ ಹುಡುಗನೋ ಕೆಟ್ಟ ರೇಡಿಯೊ ಬಿಚ್ಚಿ ನೋಡುತ್ತಿದ್ದರೆ, ಹಳೆಯ ಕಂಪ್ಯೂಟರ್‌ನಲ್ಲಿ ಸಣ್ಣ ಆಟ ಬರೆಯುತ್ತಿದ್ದರೆ ತಡೆಯಬೇಡಿ. ಕರೆಂಟಿನಿಂದ ತೆಗೆದಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಎಲೆ ಕಾರ್ಖಾನೆಯ ಮೆಕ್ಯಾನಿಕ್ ಕೂಡ ಬಿಡುವಿನ ಹೊತ್ತಿನಲ್ಲೇ ಶುರುಮಾಡಿದ್ದು.