ಮೀನಿಗೆ ದಾರಿ ಕೇಳಿದ ಡಾಕ್ಟರು: ಫ್ರಾನ್ಸಿಸ್ ಡೇ

ಹರಿಯುವ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನೀರಿನ ಮಾತು ಹಾಗಿರಲಿ. ಆ ನೀರಿನಲ್ಲಿ ಬಾಳುವ ಮೀನಿಗಂತೂ ಮನುಷ್ಯನ ಅಪ್ಪಣೆ ಬೇಕೇ ಬೇಕು. ಹೊಳೆಗೆ ಅಡ್ಡಲಾಗಿ ಅವನು ಕಟ್ಟಿದ ಗೋಡೆಯಲ್ಲಿ ಬಾಗಿಲಿದ್ದರೆ ಮೀನು ಮೇಲೇರೀತು. ಇಲ್ಲದಿದ್ದರೆ ಗೋಡೆಯ ಬುಡದಲ್ಲೇ ಬಲೆಗೆ ಬಿದ್ದೀತು. ನಮ್ಮ ದೇಶದ ನದಿಗಳಲ್ಲಿ ಅಂತಹ ಬಾಗಿಲು ಇರಬೇಕು, ಅದಕ್ಕೆ ಕಾನೂನಿನ ಬೆಂಬಲ ಬೇಕು ಎಂದು ನೂರೈವತ್ತು ವರ್ಷಗಳ ಹಿಂದೆಯೇ ಸರಕಾರದೊಡನೆ ವಾದಿಸಿದವರು ಡಾ. ಫ್ರಾನ್ಸಿಸ್ ಡೇ. ಮೀನುಗಳ ಶಾಸ್ತ್ರವನ್ನು ಅಭ್ಯಾಸ ಮಾಡುವ ಯಾರಿಗೂ ಅವರ ಹೆಸರು ಹೊಸತಲ್ಲ. ಆದರೆ ಮೀನಿನ ದಾರಿಗಾಗಿ ಅವರು ಪಟ್ಟ ಶ್ರಮ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಡೇ ಅವರು 1829ನೇ ಇಸವಿ ಮಾರ್ಚ್ 2ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಮೇರ್ಸ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ಶ್ರೂಸ್‌ಬರಿ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿ, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರವನ್ನು ಕಲಿತರು. 1852ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ವೈದ್ಯಕೀಯ ಸೇವೆಗೆ ಸೇರಿ ಭಾರತಕ್ಕೆ ಬಂದರು. ಸೈನಿಕರ ಜ್ವರ, ಗಾಯಗಳಿಗೆ ಔಷಧ ಕೊಡುವುದು ಅವರ ಉದ್ಯೋಗ. ಮನಸ್ಸು ಮಾತ್ರ ಪಕ್ಷಿ, ಮೀನು ಮೊದಲಾದ ಪ್ರಾಣಿಗಳತ್ತ ಓಡುತ್ತಿತ್ತು.

ಕೆಲಕಾಲದ ಮೇಲೆ ಅವರಿಗೆ ಕೊಚ್ಚಿಯಲ್ಲಿ ಕೆಲಸವಾಯಿತು. ಹಿನ್ನೀರು, ಹೊಳೆ, ಕಡಲು ಮೂರೂ ಕೂಡುವ ಆ ಊರಿನಲ್ಲಿ ಮೀನಿಗೆ ಬರವೆಲ್ಲಿ! ದಿನವೂ ಮಾರುಕಟ್ಟೆಗೆ ಬರುವ ಬಗೆಬಗೆಯ ಮೀನುಗಳನ್ನು ಡೇ ಅವರು ಕೊಂಡು, ಅಳೆದು, ಚಿತ್ರ ಬರೆದು, ಸ್ಥಳೀಯ ಹೆಸರುಗಳನ್ನು ಕೇಳಿ ಗುರುತು ಹಾಕಿಕೊಂಡರು. ಕೊಚ್ಚಿ ಸೀಮೆಯ ಇತಿಹಾಸವನ್ನು ಕುರಿತ ಅವರ ಗ್ರಂಥ 1863ರಲ್ಲಿ ಹೊರಬಂದಿತು. ಮಲಬಾರಿನ ಮೀನುಗಳನ್ನು ಕುರಿತ ಗ್ರಂಥ 1865ರಲ್ಲಿ ಪ್ರಕಟವಾಯಿತು. ನೀಲಗಿರಿಯ ತಪ್ಪಲಿನ ಹೊಳೆಗಳನ್ನೂ ಅವರು ಶೋಧಿಸಿದರು. ವಯನಾಡಿನ ಒಂದು ಮೀನಿಗೆ 1873ರಲ್ಲಿ ಅವರು ಆ ನಾಡಿನ ಹೆಸರನ್ನೇ ಇಟ್ಟರು. ಇಂದಿಗೂ ಶಾಸ್ತ್ರಗ್ರಂಥಗಳಲ್ಲಿ ಆ ಹೆಸರು ಉಳಿದಿದೆ.

ಈಗ ಮೀನಿನ ಪ್ರಯಾಣದ ವಿಷಯ. ಮಳೆಗಾಲದ ಮೊದಲ ನೆರೆಗೆ ಗದ್ದೆ, ತೋಡುಗಳಲ್ಲಿ ಹತ್ತುಮೀನು ಏರುವುದನ್ನು ನಮ್ಮ ಮಕ್ಕಳು ನೋಡಿಯೇ ಇರುತ್ತಾರೆ. ಮೊಟ್ಟೆ ಇಡಲು ತಕ್ಕ ಸ್ಥಳವನ್ನು ಹುಡುಕಿಕೊಂಡು ಪ್ರವಾಹಕ್ಕೆ ಎದುರಾಗಿ ಈಜುವುದು ಅವುಗಳ ಸ್ವಭಾವ. ದೊಡ್ಡ ನದಿಗಳಲ್ಲಿ ಈ ಪ್ರಯಾಣ ಇನ್ನೂ ದೀರ್ಘವಾದದ್ದು. ಹಿಲ್ಸಾ ಎಂಬ ಮೀನು ಕಡಲಿನಲ್ಲಿ ಬೆಳೆಯುತ್ತದೆ. ಮೊಟ್ಟೆ ಇಡಲು ಸಿಹಿನೀರಿಗೆ ಬರುತ್ತದೆ. ಇದನ್ನೇ ತೆಲುಗರು ಪುಲಸ ಎಂದೂ ತಮಿಳರು ಉಲ್ಲಂ ಎಂದೂ ಕರೆಯುತ್ತಾರೆ. ಮರಿಗಳು ನದಿಯಲ್ಲಿ ಸ್ವಲ್ಪ ಬಲಿತು ಮತ್ತೆ ಕಡಲಿಗೆ ಇಳಿಯುತ್ತವೆ. ಆದುದರಿಂದ ಏರುವ ದಾರಿಯೂ ಇಳಿಯುವ ದಾರಿಯೂ ತೆರೆದಿರಬೇಕು. ಒಂದು ಮುಚ್ಚಿದರೂ ಸಂತಾನ ಕ್ಷೀಣಿಸುತ್ತದೆ.

ಡೇ ಅವರು ಹುಟ್ಟಿ ಬೆಳೆದ ನಾಡಿಗೆ ಈ ವಿಚಾರ ಹೊಸತಾಗಿರಲಿಲ್ಲ. 1215ರಲ್ಲಿ ಇಂಗ್ಲೆಂಡಿನ ಜಾನ್ ದೊರೆ ಪ್ರಭುಗಳ ಒತ್ತಾಯಕ್ಕೆ ಮಣಿದು ಒಪ್ಪಿಕೊಂಡ ಮಹಾಸನದಿನ 33ನೇ ವಿಧಿಯು, ಥೇಮ್ಸ್, ಮೆಡ್‌ವೇ ಮತ್ತು ದೇಶದ ಇತರ ನದಿಗಳಲ್ಲಿ ಮೀನು ಹಿಡಿಯಲು ಹಾಕಿದ್ದ ಅಡ್ಡಕಟ್ಟೆಗಳನ್ನು ಕಿತ್ತು ತೆಗೆಯಬೇಕೆಂದು ವಿಧಿಸಿತು. ಕಡಲ ತೀರಕ್ಕೆ ಮಾತ್ರ ವಿನಾಯಿತಿ ಇತ್ತು. ದೋಣಿಗಳ ಸಂಚಾರವೇ ಆಗಿನ ಮುಖ್ಯ ಉದ್ದೇಶವಾಗಿದ್ದರೂ ಅದರಿಂದ ಮೀನಿಗೂ ಹಾದಿ ಸಿಕ್ಕಿತು. 1285ರಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಶಾಸನವು ಹಂಬರ್, ಟ್ರೆಂಟ್ ಮೊದಲಾದ ನದಿಗಳಲ್ಲಿ ಸೆಪ್ಟೆಂಬರ್ 8ರಿಂದ ನವೆಂಬರ್ 11ರ ವರೆಗೆ ಸಾಲ್ಮನ್ ಮೀನನ್ನು ಹಿಡಿಯಬಾರದೆಂದು ನಿಷೇಧಿಸಿತು. ಮೊದಲ ತಪ್ಪಿಗೆ ಬಲೆಯನ್ನು ಸುಡುವುದು, ಮತ್ತೆ ಮಾಡಿದರೆ ಸೆರೆಮನೆ. ಸ್ಕಾಟ್ಲೆಂಡಿನ ಹಳೆಯ ಕಟ್ಟಳೆಯಂತೂ ಸ್ವಾರಸ್ಯವಾಗಿದೆ. ಹೊಳೆಯ ನಡುವೆ ಬಿಡಬೇಕಾದ ಕಂಡಿಗೆ ಅಲ್ಲಿನವರು ಗಜ, ಅಡಿಗಳ ಲೆಕ್ಕ ಹೇಳಲಿಲ್ಲ. ಚೆನ್ನಾಗಿ ಮೇದು ಕೊಬ್ಬಿದ ಮೂರು ವರ್ಷದ ಹಂದಿಯೊಂದು ಅದರಲ್ಲಿ ಸುತ್ತು ತಿರುಗುವಷ್ಟು ಅಗಲವಿರಬೇಕು ಎಂದರು! ಲೆಕ್ಕ ಬಾರದ ಹಳ್ಳಿಗನಿಗೂ ಅರ್ಥವಾಗುವ ಅಳತೆ. ಕೊನೆಗೆ 1861ರ ಸಾಲ್ಮನ್ ಕಾಯಿದೆಯು, ಇಂಗ್ಲೆಂಡಿನಲ್ಲಿ ಸಾಲ್ಮನ್ ಏರುವ ನದಿಗೆ ಹೊಸದಾಗಿ ಕಟ್ಟೆ ಕಟ್ಟುವವರು ಮೀನಿಗೆ ದಾರಿಯನ್ನೂ ಮಾಡಿಕೊಡಬೇಕೆಂದು ಗೊತ್ತುಮಾಡಿತು.

ಆದರೆ ಅದೇ ಆಂಗ್ಲರು ಭಾರತದಲ್ಲಿ ಕಟ್ಟಿಸಿದ ಅಣೆಕಟ್ಟುಗಳಲ್ಲಿ ಮೀನಿನ ಯೋಚನೆಯೇ ಇರಲಿಲ್ಲ. ಸರ್ ಆರ್ಥರ್ ಕಾಟನ್ ಎಂಬ ಪ್ರಸಿದ್ಧ ಇಂಜಿನಿಯರರು ಕಾವೇರಿಯ ಕವಲಾದ ಕೊಳ್ಳಿಡಂ ನದಿಗೆ 1836ರಲ್ಲಿ ಅಣೆಕಟ್ಟುಗಳನ್ನು ಕಟ್ಟಿಸಿದರು. 1847ರಿಂದ 1852ರ ವರೆಗೆ ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿದರು. ಇವುಗಳಿಂದ ಲಕ್ಷಾಂತರ ಜನರಿಗೆ ಅನ್ನ ಸಿಕ್ಕಿತು. ಗೋದಾವರಿಯ ರೈತರು ಕಾಟನ್ನರನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಅಂತಹ ಕಾಟನ್ನರೇ 1867ರಲ್ಲಿ, ನದಿಗೆ ಅಡ್ಡಲಾದ ಕಟ್ಟೆಗಳು ಮೀನಿನ ಸಂಚಾರವನ್ನು ತಡೆದು ಮೀನುಗಾರಿಕೆಗೆ ಹಾನಿ ಮಾಡುತ್ತಿರಬಹುದೆಂದು ಸರಕಾರದ ಗಮನಕ್ಕೆ ತಂದರು. ತಾನು ಕಟ್ಟಿದ್ದರಲ್ಲಿ ಕೊರತೆಯಿರಬಹುದೆಂದು ತಾನೇ ಹೇಳುವುದು ದೊಡ್ಡ ಗುಣ.

ಇದನ್ನು ಪರೀಕ್ಷಿಸಿ ವರದಿ ಮಾಡುವ ಕೆಲಸ ಡೇ ಅವರ ಪಾಲಿಗೆ ಬಂದಿತು. ಕಡಲಿನಿಂದ ಕೊಳ್ಳಿಡಂ ನದಿಗೆ ಬಂದ ಹಿಲ್ಸಾ ಕೆಳ ಅಣೆಕಟ್ಟಿನ ಬಳಿ ತಡೆದು ನಿಲ್ಲುತ್ತಿತ್ತು. ಮೊಟ್ಟೆ ತುಂಬಿದ ಮೀನುಗಳನ್ನು ಅಲ್ಲೇ ರಾಶಿರಾಶಿಯಾಗಿ ಹಿಡಿಯಲಾಗುತ್ತಿತ್ತು. ಇಂಗ್ಲೆಂಡಿನ ಸಾಲ್ಮನ್ ನೀರಿನಿಂದ ಮೇಲಕ್ಕೆ ನೆಗೆದು ಚಿಕ್ಕ ತಡೆಗಳನ್ನು ದಾಟಬಲ್ಲದು. ಹಿಲ್ಸಾ ಹಾಗೆ ನೆಗೆಯುವ ಜಾತಿಯಲ್ಲ. ಅದಕ್ಕೆ ಬೇಕಾದುದು ಗೋಡೆಯ ನಡುವೆ ಸಲೀಸಾಗಿ ನೀರು ಹರಿಯುವ ಕಂಡಿ. ಅಣೆಕಟ್ಟನ್ನು ಒಡೆಯಬೇಕೆಂದು ಡೇ ಅವರು ಕೇಳಲಿಲ್ಲ. ಮೀನಿಗೆ ಒಂದು ಹಾದಿಯನ್ನು ಸೇರಿಸಬೇಕೆಂದಷ್ಟೇ ಕೇಳಿದರು.

1871ರಲ್ಲಿ ಅವರು ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆಗಿ ನೇಮಕಗೊಂಡರು. ಒರಿಸ್ಸಾ, ಬಂಗಾಳ, ಸಿಂಧ್, ಪಂಜಾಬ್, ಬರ್ಮಾ ಎಂದು ದೇಶವನ್ನೆಲ್ಲ ಸುತ್ತಿದರು. ಅಧಿಕಾರಿಗಳಿಂದ ಜಿಲ್ಲೆ ಜಿಲ್ಲೆಯ ವಿವರಗಳನ್ನು ತರಿಸಿಕೊಂಡರು. 1873ರಲ್ಲಿ ಹೊರಬಂದ ಅವರ ವರದಿಯಲ್ಲಿ ಸಿಹಿನೀರಿನ ಮೀನಿಗೆ ಒದಗಿದ ಆಪತ್ತುಗಳೆಲ್ಲ ಕಾಣಿಸಿದವು. ದಾಟಲಾಗದ ಕಟ್ಟೆಗಳು ಒಂದು ಕಡೆ. ಮಲೆಯ ತೊರೆಗಳಲ್ಲಿ ಏರುವ ಮೀನನ್ನು ಪೂರ್ತಿಯಾಗಿ ಬಾಚಿಕೊಳ್ಳುವ ಬೇಲಿ, ಕೂಳಿಗಳು ಇನ್ನೊಂದು ಕಡೆ. ಸೊಳ್ಳೆಪರದೆಯಂತಹ ಸಣ್ಣ ಕಣ್ಣಿನ ಬಲೆಗಳು, ಗದ್ದೆಯಲ್ಲಿ ಮರಿಗಳನ್ನು ಸೋಸುವುದು, ನೀರಿಗೆ ವಿಷ ಹಾಕುವುದು ಇವೂ ಸೇರಿದ್ದವು. ಬಲೆಯ ಕಣ್ಣಿಗೆ ಕನಿಷ್ಠ ಅಳತೆ, ವಿಷಕ್ಕೆ ನಿಷೇಧ, ಕಟ್ಟೆಗಳಲ್ಲಿ ಮೀನಿನ ದಾರಿ ಇವು ಅವರ ಮುಖ್ಯ ಸಲಹೆಗಳು.

ಸಲಹೆಗಳಿಗೆ ವಿರೋಧವೂ ಬಂದಿತು. ಬಡವರು ಹೊಟ್ಟೆಗಾಗಿ ಹಿಡಿಯುವ ನಾಲ್ಕು ಮೀನಿಗೂ ಕಾನೂನು ತಂದರೆ ಅವರು ಬದುಕುವುದು ಹೇಗೆ? ಕೆಳಗಿನ ಸಿಬ್ಬಂದಿ ಅದನ್ನೇ ನೆಪಮಾಡಿಕೊಂಡು ಹಳ್ಳಿಯವರನ್ನು ಪೀಡಿಸಿದರೆ ಏನು ಗತಿ? ಈ ಪ್ರಶ್ನೆಗಳನ್ನು ಅಲ್ಲಗಳೆಯುವಂತಿರಲಿಲ್ಲ. ಆದರೆ ಇಂದು ಮರಿಗಳನ್ನೆಲ್ಲ ಸೋಸಿದರೆ ನಾಳೆ ಅದೇ ಬಡವನ ತಟ್ಟೆ ಬರಿದಾಗುವುದೆಂಬ ಡೇ ಅವರ ಚಿಂತೆಯೂ ಸುಳ್ಳಾಗಿರಲಿಲ್ಲ. ವಾದಗಳು ಮುಗಿಯಲಿಲ್ಲ, ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಅವರ ಅಧಿಕಾರದ ಕಾಲದಲ್ಲಿ ಬರಲಿಲ್ಲ.

1877ರಲ್ಲಿ ನಿವೃತ್ತರಾದ ಡೇ ಅವರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ನೆಲೆಸಿ ಬರವಣಿಗೆಯಲ್ಲಿ ತೊಡಗಿದರು. ಭಾರತದ ಮೀನುಗಳನ್ನು ಕುರಿತ ಅವರ ಸಚಿತ್ರ ಮಹಾಗ್ರಂಥವು 1875ರಿಂದ 1878ರ ವರೆಗೆ ಭಾಗ ಭಾಗವಾಗಿ ಹೊರಬಂದಿತು. 1883ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮೀನುಗಾರಿಕಾ ಪ್ರದರ್ಶನದಲ್ಲಿ ಭಾರತದ ವಿಭಾಗವನ್ನು ಅವರು ನೋಡಿಕೊಂಡರು. 1400ಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ವರ್ಣಿಸುವ ಅವರ ಕೊನೆಯ ಎರಡು ಸಂಪುಟಗಳು ಪ್ರಕಟವಾದ 1889ರಲ್ಲಿಯೇ, ಜುಲೈ 10ರಂದು, ತಮ್ಮ ಅರುವತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಕಾನೂನು ಬಂದದ್ದು ಎಂಟು ವರ್ಷಗಳ ಅನಂತರ. 1897ರ ಭಾರತೀಯ ಮೀನುಗಾರಿಕಾ ಕಾಯಿದೆಯು ಮದ್ದು ಸಿಡಿಸಿ ಅಥವಾ ವಿಷ ಹಾಕಿ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ಹೊಳೆಗೆ ಅಡ್ಡಲಾಗಿ ಹಾಕುವ ಬೇಲಿ, ಕಟ್ಟೆಗಳು ಹಾಗೂ ಬಲೆಯ ಅಳತೆ ಇವುಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಕೊಟ್ಟಿತು. ಆದರೆ ಪ್ರತಿಯೊಂದು ಅಣೆಕಟ್ಟಿಗೂ ಮೀನಿನ ಬಾಗಿಲು ಇರಲೇಬೇಕೆಂಬ ಮಾತು ಅದರಲ್ಲಿ ಇರಲಿಲ್ಲ. ಮುಂದೆ 1934ರಲ್ಲಿ ಕಾವೇರಿಗೆ ಮೆಟ್ಟೂರಿನ ಅಣೆಕಟ್ಟು ಬಂದಿತು. 1975ರಲ್ಲಿ ಗಂಗೆಗೆ ಫರಕ್ಕಾದ ಕಟ್ಟೆ ಬಂದಿತು. ಅದಕ್ಕೆ ಮೊದಲು ಅಲಹಾಬಾದಿನವರೆಗೂ ಏರಿ ಬರುತ್ತಿದ್ದ ಹಿಲ್ಸಾ ಆ ಮೇಲಿನ ಊರುಗಳಲ್ಲಿ ಅಪರೂಪವಾಯಿತು. ಡೇ ಅವರು ಎತ್ತಿದ ಪ್ರಶ್ನೆ ಹಳತಾಗಲಿಲ್ಲ.

ಈ ಕತೆಯಲ್ಲಿ ನಮ್ಮ ಕಾಸರಗೋಡಿಗೂ ಒಂದು ಪಾಲುಂಟು. 1956ರಲ್ಲಿ ಕೇರಳಕ್ಕೆ ಸೇರುವ ಮೊದಲು ನಮ್ಮ ಸೀಮೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಡೇ ಅವರ ಕಾಲದಲ್ಲಿಯೇ ಆ ಜಿಲ್ಲೆಯ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಅವರು ಇಲ್ಲಿನ ಹೊಳೆಗಳ ಮೀನುಗಳನ್ನು ಕುರಿತು ಬರೆದ ವರದಿ 1870ರಲ್ಲಿ ಅಚ್ಚಾಯಿತು. ಮೀನಿನ ಮರಿಗಳ ನಾಶವನ್ನು ತಡೆಯಬೇಕೆಂದು ಅವರೂ ಒತ್ತಿ ಹೇಳಿದರು.

ಇನ್ನು ನಮ್ಮ ಹಿರಿಯರ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಮಳೆಗಾಲ ಕಳೆದ ಮೇಲೆ ಅಡಿಕೆ ತೋಟಕ್ಕೆ ನೀರು ಬೇಕೆಂದು ಊರವರೆಲ್ಲ ಕೂಡಿ ಕಲ್ಲು, ಮಣ್ಣು, ಅಡಿಕೆ ಮರಗಳಿಂದ ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಮುಂಗಾರು ಬರುವಾಗ ಅದನ್ನು ಬಿಡಿಸುತ್ತಿದ್ದರು, ಇಲ್ಲವೇ ನೆರೆಯೇ ಅದನ್ನು ಒಯ್ಯುತ್ತಿತ್ತು. ಹತ್ತುಮೀನು ಏರುವ ಹೊತ್ತಿಗೆ ತೋಡು ತೆರೆದಿರುತ್ತಿತ್ತು. ತೋಟಕ್ಕೂ ನೀರಾಯಿತು, ಮೀನಿಗೂ ದಾರಿಯಾಯಿತು. ಈಚೆಗೆ ಎಷ್ಟೋ ಕಡೆ ಕಟ್ಟದ ಜಾಗದಲ್ಲಿ ಸಿಮೆಂಟಿನ ಕಿಂಡಿ ಅಣೆಕಟ್ಟು ಬಂದಿದೆ. ಮಳೆಗಾಲಕ್ಕೆ ಮೊದಲು ಅದರ ಹಲಗೆಗಳನ್ನು ಮರೆಯದೆ ತೆಗೆಯುವುದು, ತೆರೆದ ಕಿಂಡಿಗೆ ಬಲೆ ಕಟ್ಟದಿರುವುದು ನಮ್ಮ ಕೈಯಲ್ಲಿದೆ. ವಿದ್ಯಾರ್ಥಿಗಳು ಈ ಮಾತನ್ನು ಮನೆಯಲ್ಲಿ ತಂದೆತಾಯಿಗಳಿಗೂ ತಿಳಿಸಬೇಕು.