ಎರಡು ಕಿವಿಗಳ ಗುಟ್ಟು ಅರಿತ ಎಂಜಿನಿಯರ್

ಮಕ್ಕಳೇ, ಕಣ್ಣು ಮುಚ್ಚಿ ಕುಳಿತುಕೊಳ್ಳಿ. ನಿಮ್ಮ ಗೆಳೆಯನೊಬ್ಬ ಎಡಕ್ಕೋ ಬಲಕ್ಕೋ ನಿಂತು ಚಪ್ಪಾಳೆ ತಟ್ಟಲಿ. ಶಬ್ದ ಬಂದ ಕಡೆಗೆ ನೀವು ಕೂಡಲೇ ಕೈ ತೋರಿಸುತ್ತೀರಿ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ಮತ್ತೆ ಪ್ರಯತ್ನಿಸಿ. ಈಗ ದಿಕ್ಕು ಹೇಳುವುದು ಕಷ್ಟವಾಗುತ್ತದೆ ಅಲ್ಲವೇ?

ಎಡಗಡೆಯ ಶಬ್ದ ಎಡಗಿವಿಯನ್ನು ಮೊದಲು ತಲುಪುತ್ತದೆ. ಬಲಗಿವಿಗೆ ತುಸು ತಡವಾಗಿ, ತುಸು ಮೆಲ್ಲಗೆ ಕೇಳಿಸುತ್ತದೆ. ಈ ತಡ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ನಮ್ಮ ಮಿದುಳು ಅದನ್ನು ಗುರುತಿಸಿ ದಿಕ್ಕು ತಿಳಿಸುತ್ತದೆ. ಈ ಗುಟ್ಟನ್ನು ಧ್ವನಿಮುದ್ರಣಕ್ಕೆ ಬಳಸಿದವರಲ್ಲಿ ಮೊದಲಿಗರು ಅಲನ್ ಬ್ಲುಮ್‌ಲೈನ್.

ಅಲನ್ ಹುಟ್ಟಿದ್ದು 1903ರ ಜೂನ್ 29ರಂದು, ಇಂಗ್ಲೆಂಡಿನ ಲಂಡನ್ ನಗರದಲ್ಲಿ. ಏಳು ವರ್ಷದವನಿದ್ದಾಗ ಮನೆಯ ಕರೆಗಂಟೆಯನ್ನು ರಿಪೇರಿ ಮಾಡಿ, ಎಲೆಕ್ಟ್ರಿಕಲ್ ಎಂಜಿನಿಯರ್ ಎಂದು ಸಹಿ ಹಾಕಿ ತಂದೆಗೇ ಬಿಲ್ಲು ಕೊಟ್ಟನೆಂದು ಹೇಳುತ್ತಾರೆ. ಈ ಜಾಣ ಹುಡುಗನಿಗೆ ಓದುವುದು ಮಾತ್ರ ತಡವಾಗಿ ಬಂತು. ಆದರೂ ಮುಂದೆ ಎಂಜಿನಿಯರಿಂಗ್ ಪದವಿಯಲ್ಲಿ ಪ್ರಥಮ ದರ್ಜೆ ಪಡೆದರು. 1929ರಲ್ಲಿ ಗ್ರಾಮಫೋನ್ ಕಂಪನಿಯೊಂದನ್ನು ಸೇರಿದರು. 1931ರಲ್ಲಿ ಅದು ಇನ್ನೊಂದು ಕಂಪನಿಯೊಡನೆ ಕೂಡಿ ಇಎಂಐ ಆಯಿತು.

ಆಗ ಮಾತನಾಡುವ ಸಿನಿಮಾಗಳು ಹೊಸತು. ಮುಂದೆ ತಮ್ಮ ಪತ್ನಿಯಾದ ಡೋರೀನ್ ಜೊತೆ ಅವರು ಸಿನಿಮಾ ನೋಡುತ್ತಿದ್ದಾಗ ಒಂದು ಕೊರತೆ ಗಮನಕ್ಕೆ ಬಂತಂತೆ. ನಟ ಪರದೆಯ ಒಂದು ತುದಿಯಲ್ಲಿದ್ದರೂ ಅವನ ಮಾತು ಇದ್ದ ಒಂದೇ ಧ್ವನಿವರ್ಧಕದಿಂದ ಬರುತ್ತಿತ್ತು! ನಟ ನಡೆದರೆ ಮಾತೂ ಅವನ ಜೊತೆ ನಡೆಯಬೇಕು ಎಂಬುದು ಅವರ ಯೋಚನೆ.

ಇದಕ್ಕೆ ಉಪಾಯ ಬರೆದು 1931ರ ಡಿಸೆಂಬರ್ 14ರಂದು ಪೇಟೆಂಟ್‌ಗೆ ಅರ್ಜಿ ಹಾಕಿದರು. ಎರಡು ಮೈಕ್‌ಗಳಿಂದ ಎರಡು ಶಬ್ದಗಳನ್ನು ಹಿಡಿಯುವುದು, ಎರಡು ಧ್ವನಿವರ್ಧಕಗಳಿಂದ ಕೇಳಿಸುವುದು. ಗ್ರಾಮಫೋನ್ ತಟ್ಟೆಯ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡೂ ಶಬ್ದಗಳನ್ನು ಕೊರೆಯುವ ವಿಧಾನವನ್ನೂ ಅದರಲ್ಲಿ ವಿವರಿಸಿದ್ದರು. ಇದನ್ನೇ ನಾವು ಇಂದು ಸ್ಟೀರಿಯೋ ಎನ್ನುತ್ತೇವೆ. 1935ರಲ್ಲಿ ಹೇಸ್ ಎಂಬ ಊರಿನ ನಿಲ್ದಾಣದ ರೈಲುಗಳನ್ನು ಚಿತ್ರೀಕರಿಸಿ, ರೈಲಿನ ಜೊತೆ ಅದರ ಸದ್ದೂ ಚಲಿಸುವುದನ್ನು ತೋರಿಸಿದರು. ಆದರೆ ಸ್ಟೀರಿಯೋ ತಟ್ಟೆಗಳು ಅಂಗಡಿಗಳಲ್ಲಿ ಸಾಮಾನ್ಯವಾದದ್ದು 1958ರ ನಂತರ. ಅದನ್ನು ನೋಡಲು ಬ್ಲುಮ್‌ಲೈನ್ ಇರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅವರು ರೇಡಾರ್ ಕೆಲಸಕ್ಕೆ ತೊಡಗಿದ್ದರು. ವಿಮಾನದಿಂದ ಕತ್ತಲಲ್ಲೂ ನೆಲವನ್ನು 'ನೋಡುವ' ರೇಡಾರನ್ನು ಪರೀಕ್ಷಿಸುತ್ತಿದ್ದಾಗ, 1942ರ ಜೂನ್ 7ರಂದು ವಿಮಾನದ ಎಂಜಿನ್ನಿಗೆ ಬೆಂಕಿ ಹೊತ್ತಿಕೊಂಡಿತು. ವಿಮಾನ ನೆಲಕ್ಕಪ್ಪಳಿಸಿ ಅದರಲ್ಲಿದ್ದ 11 ಮಂದಿಯೂ ಮಡಿದರು. ಬ್ಲುಮ್‌ಲೈನ್‌ಗೆ ಆಗ ಕೇವಲ 38 ವರ್ಷ. ಎಂಜಿನ್ನಿನ ಒಂದು ಸಣ್ಣ ನಟ್ಟನ್ನು ಸರಿಯಾಗಿ ಬಿಗಿ ಮಾಡದಿದ್ದುದೇ ಈ ದುರಂತಕ್ಕೆ ಕಾರಣವೆಂದು ತನಿಖೆಯಿಂದ ತಿಳಿಯಿತು. ಯುದ್ಧದ ಗುಟ್ಟು ಬಯಲಾಗಬಾರದೆಂದು ಅವರ ಸಾವಿನ ಸುದ್ದಿಯನ್ನು ಪ್ರಕಟಿಸಲಿಲ್ಲ. ಹಾಗಾಗಿ 128 ಪೇಟೆಂಟ್‌ಗಳ ಒಡೆಯನ ಹೆಸರು ಬಹಳ ಕಾಲ ಜನರಿಗೆ ತಿಳಿಯಲೇ ಇಲ್ಲ.

ಈಗ ಮನೆಗಳಲ್ಲಿ ಹೋಮ್ ಥಿಯೇಟರ್‌ಗಳಿವೆ. ಅದರ ಮೇಲೆ 5.1 ಎಂದು ಬರೆದಿದ್ದರೆ ಐದು ಸ್ಪೀಕರ್‌ಗಳು, ಜೊತೆಗೆ ಗುಡುಗಿನಂಥ ಗಡಸು ಶಬ್ದಕ್ಕೆಂದೇ ಒಂದು ದೊಡ್ಡ ಸ್ಪೀಕರ್ ಎಂದು ಅರ್ಥ. ಅನೇಕ ಸ್ಪೀಕರ್‌ಗಳ ಹಿಂದೆ ಕೆಂಪು ಮತ್ತು ಕಪ್ಪು ವೈರುಗಳಿರುತ್ತವೆ. ಒಂದು ಸ್ಪೀಕರ್‌ಗೆ ಮಾತ್ರ ಅವು ಅದಲುಬದಲಾದರೆ ಏನಾಗುತ್ತದೆ ಗೊತ್ತೇ? ಒಂದರ ಪರದೆ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ. ಗಡಸು ಶಬ್ದ ಸಣ್ಣದಾಗುತ್ತದೆ, ನಡುವಿನಿಂದ ಬರಬೇಕಾದ ಮಾತು ಎಲ್ಲಿಂದಲೋ ಬಂದಂತೆ ಕೇಳುತ್ತದೆ. ಪೆಟ್ಟಿಗೆ ಕೆಟ್ಟಿದೆ ಎಂದು ಹಲವರು ತಿಳಿಯುತ್ತಾರೆ. ಹಾಗೆ ಕೇಳಿಸಿದರೆ ಹಿರಿಯರಿಗೆ ಹೇಳಿ. ವಿದ್ಯುತ್ ಆರಿಸಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿದೆಯೇ ಎಂದು ಅವರು ಮೊದಲು ನೋಡಲಿ.