ಕೆಳದಿಯ ಚೆನ್ನಮ್ಮ

ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮಗೆ ಶಿವಾಜಿ ಮಹಾರಾಜರ ಕಥೆ ಚೆನ್ನಾಗಿ ಗೊತ್ತು. ಅವರ ಮಗ ರಾಜಾರಾಮನಿಗೆ ಕಷ್ಟಕಾಲದಲ್ಲಿ ಆಸರೆ ಕೊಟ್ಟವಳು ನಮ್ಮ ಮಲೆನಾಡಿನ ರಾಣಿ ಎಂಬುದು ಮಕ್ಕಳಿಗೆ ಗೊತ್ತಿದೆಯೇ? ಇವಳು ಕಿತ್ತೂರಿನ ಚೆನ್ನಮ್ಮನಲ್ಲ, ಅವಳಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನವಳು.

ಚೆನ್ನಮ್ಮ ಅರಮನೆಯಲ್ಲಿ ಹುಟ್ಟಿದವಳಲ್ಲ, ವರ್ತಕ ಸಿದ್ದಪ್ಪ ಶೆಟ್ಟಿಯ ಮಗಳು. ಕೆಳದಿಯ ದೊರೆ ಸೋಮಶೇಖರ ನಾಯಕ ಮೆಚ್ಚಿ ಮದುವೆಯಾದ. ಮುಂದೆ ದೊರೆಯ ಬುದ್ಧಿ ಕೆಟ್ಟಿತು. ಮಕ್ಕಳೂ ಇರಲಿಲ್ಲ. ರಾಜಧಾನಿ ಬಿದನೂರಿನಲ್ಲಿ ಪ್ರಮುಖರು ಗುಂಪುಗಳಾಗಿ ಒಡೆದರು. ಒಂದೊಂದು ಗುಂಪೂ ತನ್ನವನನ್ನೇ ಗದ್ದುಗೆಗೆ ಕೂರಿಸಲು ಹವಣಿಸಿತು. ಕೊನೆಗೆ ದೊರೆಯ ಕೊಲೆಯಾಯಿತು. ಈ ಒಳಜಗಳದ ಸುಳಿವು ಹಿಡಿದು ಬಿಜಾಪುರದ ಸೈನ್ಯವೂ ಬಂತು. ಚೆನ್ನಮ್ಮ ಬಿದನೂರು ಬಿಟ್ಟು ಕಾಡಿನ ನಡುವಿನ ಭುವನಗಿರಿ ಕೋಟೆ ಸೇರಿದಳು. ಓಡಿಹೋದಳು ಎನ್ನುವವರು ಎನ್ನಲಿ, ನನಗೆ ಅವಳ ಜಾಣತನ ಕಾಣುವುದೇ ಅಲ್ಲಿ. ನಂಬಿಗಸ್ತರನ್ನು ಅಲ್ಲಿಯೇ ಒಟ್ಟುಗೂಡಿಸಿ ಬಿದನೂರನ್ನು ಮರಳಿ ಪಡೆದಳು. 1672ರ ಹೊತ್ತಿಗೆ ಆಡಳಿತ ಅವಳ ಕೈಯಲ್ಲಿತ್ತು. ಬಸಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡು, ತಾನೇ ರಾಜ್ಯಭಾರ ಕಲಿಸಿದಳು.

1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ. ತಮ್ಮ ರಾಜಾರಾಮ ವೇಷ ಮರೆಸಿಕೊಂಡು ದಕ್ಷಿಣದ ಜಿಂಜಿಯತ್ತ ಹೊರಟ, ದಾರಿಯಲ್ಲಿ ಕೆಳದಿ ಸೀಮೆಗೆ ಬಂದ. ಅವನನ್ನು ಸೇರಿಸಿಕೊಂಡರೆ ಮೊಗಲರ ದಂಡು ಬರುವುದು ಖಚಿತ. ಅಷ್ಟು ಪಾಡುಪಟ್ಟು ಉಳಿಸಿಕೊಂಡ ರಾಜ್ಯ ಅದು! ಆದರೂ ಚೆನ್ನಮ್ಮ ಆಸರೆ ಕೊಟ್ಟು, ಕಾವಲಿಟ್ಟು ಮುಂದೆ ಕಳುಹಿಸಿದಳು. ದಂಡು ಬಂದೇ ಬಂತು. ಕಾದಾಟವಾಯಿತು, ಆಮೇಲೆ ಸಂಧಿಯೂ ಆಯಿತು. ರಾಜಾರಾಮ ಮಾತ್ರ ಸುರಕ್ಷಿತವಾಗಿ ಜಿಂಜಿ ಕೋಟೆ ಸೇರಿದ.